ಎಣಿಸುವ ಕೆಲಸ

ಶಿಶ್ಲಿಯ ನಾಲ್ಕನೇ ಮಹಡಿಯಲ್ಲಿ ನನಗೆ ಎಣಿಸುವ ಕೆಲಸ.
ಹಿಂದಲೆಯಿಂದ ಕಿತ್ತ ಬೇರುಗಳನ್ನು
ತಣ್ಣನೆ ಉಪ್ಪುನೀರಿನ ಗಾಜಿನ ಬಟ್ಟಲಲ್ಲಿ
ಐವತ್ತೈವತ್ತರ ಸಾಲು ಮಾಡಿ ಮಲಗಿಸುವುದು.
ಮ್ಯಾಂಚೆಸ್ಟರಿನ ತಲೆ, ರಿಯಾದಿನ ತಲೆ, ಮಿಲಾನಿನ ತಲೆ,
ಬೋರಲು ಮಲಗಿದರೆ ಎಲ್ಲರ ಕತ್ತೂ ಒಂದೇ,
ಉಣ್ಣೆ ಕತ್ತರಿಗೆ ಕಾಯುವ ಕುರಿಯಷ್ಟು ಸಾಧು.
ಸಂಜೆ ಕಣ್ಣು ಮುಚ್ಚಿದರೂ ಚುಕ್ಕಿ,
ಸೂಪಿನ ಮೇಲೆ ಉದುರಿಸಿದ ಪುದೀನದಲ್ಲೂ ಚುಕ್ಕಿ.

ತಮ್ಮ ತುಫಾನನಿಗೆ ಇಪ್ಪತ್ತೆರಡು.
ಊಟಕ್ಕೂ ಟೋಪಿ ತೆಗೆಯುವುದಿಲ್ಲ.
ಅಮ್ಮ ಬೈದರೆ "ಚಳಿ" ಅನ್ನುತ್ತಾನೆ, ಜುಲೈ ತಿಂಗಳಲ್ಲಿ.
ನಿನ್ನೆ ಬೈಕು ಮಾರಿ ಬಂದ.
ನೋಟಿನ ಕಟ್ಟು ಮೇಜಿನ ಮೇಲಿಟ್ಟು
"ನಿಮ್ಮಲ್ಲಿ ಮನೆಯವರಿಗೆ ರಿಯಾಯಿತಿ ಇದೆಯಂತಲ್ಲ" ಎಂದ,
ಒಲೆಯ ಕಡೆ ನೋಡುತ್ತ.

ಕೂತ್ಕೋ ಎಂದೆ. ಅಡುಗೆಮನೆಯ ಸ್ಟೂಲು, ಮೇಲೆ ಬಲ್ಬು.
ಟೋಪಿ ತೆಗೆಸಲು ಹತ್ತು ನಿಮಿಷ ಹಿಡಿಯಿತು.
ಆರು ವರ್ಷದವನಿದ್ದಾಗ ಹೇನು ಹೆಕ್ಕಿದ ತಲೆ ಇದು,
ಸುಳಿ ಎಲ್ಲಿದೆಯೆಂದು ಬೆರಳಿಗೆ ಇನ್ನೂ ಗೊತ್ತು.
ಭೂತಗನ್ನಡಿ ಹಿಡಿದೆ.
ಹಣೆಗೆ ಬಿಟ್ಟುಕೊಟ್ಟ ಜಾಗ ಅವನಿಗೆ ಕಾಣುತ್ತದೆ;
ನನಗೆ ಕಂಡದ್ದು ಅದರ ಹಿಂದಿನವು:
ಕೂಸಿನ ಕೂದಲಷ್ಟು ತೆಳ್ಳಗಾಗಿ
ಚೀಲ ಕಟ್ಟಿಕೊಂಡು ಬಾಗಿಲಲ್ಲಿ ನಿಂತವು,
ಹೊರಟೆವೆಂದು ಇನ್ನೂ ಹೇಳಿಲ್ಲ, ಅಷ್ಟೇ.

ಅವನು ಕೇಳಿದಲ್ಲೇ, ನನ್ನ ಹುಬ್ಬಿನ ಪೆನ್ಸಿಲಿನಿಂದ ಗೆರೆ ಎಳೆದೆ.
ಕನ್ನಡಿ ನೋಡಿ ಎಷ್ಟೋ ತಿಂಗಳ ಮೇಲೆ ನಕ್ಕ.
ಆ ನಗುವಿಗೆ ಹೇಳಬೇಕಾಯಿತು:
ಇವತ್ತು ಇಲ್ಲಿ ನೆಟ್ಟದ್ದು ಇಲ್ಲೇ ನಿಲ್ಲುತ್ತದೆ ಕಣೋ,
ಹಿಂದಿನದು ಮಾತ್ರ ಹಿಂದೆ ಹಿಂದೆ ಸರಿಯುತ್ತದೆ.
ಮೂವತ್ತೈದಕ್ಕೆ ಹಣೆಯ ಮೇಲೊಂದು ದ್ವೀಪ,
ದಡಕ್ಕೆ ದೋಣಿಯಿಲ್ಲ.
ಹಿಂದಲೆಯದು ಅಜ್ಜಿ ಬಿಟ್ಟುಹೋದ ಗಂಟು,
ತೆಗೆದದ್ದು ತೆಗೆದದ್ದೇ, ಮತ್ತೆ ತುಂಬುವುದಿಲ್ಲ.

ಮಾರ್ಚಿನಲ್ಲಿ ಬಂದವನ ಕತೆಯನ್ನೂ ಹೇಳಿದೆ.
ನಲವತ್ತು ವರ್ಷ, ಮೂರನೇ ಸಲ.
ಮೊದಲಿನದು ಇಪ್ಪತ್ತೊಂದಕ್ಕೆ, ಯಾವುದೋ ನೆಲಮಾಳಿಗೆಯಲ್ಲಿ.
ಹಿಂದಲೆ ನುಸಿ ತಿಂದ ಕಂಬಳಿ.
ಡಾಕ್ಟರ್ ಮುಜೆಯ್ಯೆನ್ ಕೈ ಚೆಲ್ಲಿದಾಗ
"ಗಡ್ಡದಿಂದ? ಎದೆಯಿಂದ?" ಎಂದು ಚೌಕಾಸಿ ಮಾಡಿದ,
ಆಮೇಲೆ ನಮಗೆಂದು ತಂದಿದ್ದ ಸಿಹಿಯ ಡಬ್ಬಿ
ಮರೆಯದೆ ಕೊಟ್ಟುಹೋದ.

"ಹಾಗಾದರೆ ಯಾವಾಗ?"
ಹೋಗುವವು ಹೋಗಿ ಮುಗಿದ ಮೇಲೆ.
"ಅಂದರೆ ಯಾವಾಗ?"
ಡಾಕ್ಟರನ್ನು ಕೇಳಿ ಮಾತ್ರೆ ಶುರು ಮಾಡು.
ನಾಲ್ಕು ತಿಂಗಳಿಗೊಮ್ಮೆ ಇದೇ ಕಿಟಕಿಯ ಬೆಳಕಲ್ಲಿ ಫೋಟೊ.
ಐದು ವರ್ಷ ನೋಡೋಣ, ಗೆರೆ ಒಂದು ಕಡೆ ನಿಲ್ಲಲಿ.
"ಐದು ವರ್ಷ!" ಎಂದ.
"ಸೊಂಟದವರೆಗೆ ಜಡೆ ಬಿಟ್ಟುಕೊಂಡು ಹೇಳುವುದು ಸುಲಭ.
ಆಮೇಲೆ ಬಂದರೆ ಯಾರಿಗೆ ಬೇಕು ಕೂದಲು?
ನನಗೆ ಬೇಕಾದದ್ದು ಈಗ."
ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ.
ಜಡೆ ಸುತ್ತಿ ಗಂಟು ಹಾಕಿದೆ, ಕದ್ದ ಮಾಲು ಮುಚ್ಚಿಡುವವಳ ಹಾಗೆ.
ಗೆರೆ ತೊಳೆಯದೆಯೇ ಟೋಪಿ ಹಾಕಿಕೊಂಡು ಎದ್ದುಹೋದ.

ಒಗೆಯಲು ಬಟ್ಟೆ ತೆಗೆಯುವಾಗ ಅವನ ದಿಂಬಿನ ಚೀಲದೊಳಗೆ
ಪುಟ್ಟ ನೋಟುಬುಕ್ಕು ಸಿಕ್ಕಿತು.
ತಾರೀಖು, ಎದುರಿಗೆ ಅಂಕಿ.
ಅರವತ್ತೊಂದು. ಎಪ್ಪತ್ನಾಲ್ಕು. ಐವತ್ತೆಂಟು.
ಒಂದು ಕಡೆ: ಇವತ್ತು ಸ್ನಾನ ಮಾಡಲಿಲ್ಲ, ಹತ್ತೊಂಬತ್ತು.
ಹದಿನಾಲ್ಕು ತಿಂಗಳು, ಒಂದು ದಿನವೂ ತಪ್ಪಿಲ್ಲ.
ಇಬ್ಬರದೂ ಅದೇ ಕೆಲಸ;
ಸಂಬಳ ಮಾತ್ರ ನನ್ನೊಬ್ಬಳಿಗೆ.
ಇದ್ದಲ್ಲೇ ಇಟ್ಟೆ.

ಬೆಳಿಗ್ಗೆ ಎಂಟಕ್ಕೆ ಮೊದಲನೆಯವನು.
ಪಾಸ್‌ಪೋರ್ಟಿನ ಲೆಕ್ಕದಲ್ಲಿ ಇಪ್ಪತ್ತೆರಡು.
ಗೆರೆ ಆಗಲೇ ಎಳೆದಾಗಿತ್ತು, ಹಣ ಆಗಲೇ ಕಟ್ಟಿಯಾಗಿತ್ತು.
ಮುಜೆಯ್ಯೆನ್ ರಜೆ; ಇನ್ಯಾರೋ ಗವಸು ಏರಿಸುತ್ತಿದ್ದರು.
ನಿನಗೆ ಅಕ್ಕ ಇದ್ದಾಳಾ ಎಂದು ಕೇಳಿದೆ.
ಅವನಿಗೆ ನನ್ನ ಭಾಷೆ ಬಾರದು,
ಹೆಬ್ಬೆರಳು ಎತ್ತಿ ತೋರಿಸಿ ಬೋರಲು ಮಲಗಿದ.
ತಣ್ಣನೆ ನೀರು. ಗಾಜಿನ ಬಟ್ಟಲು.
ಒಂದು.
ಎರಡು.