ರೈಲಿಗೆ ಬಿಟ್ಟ ಜಾಗ

ಅರಸೀಕೆರೆಯ ರೈಲ್ವೆ ಇನ್‌ಸ್ಟಿಟ್ಯೂಟಿನಲ್ಲಿ ಬಣ್ಣ ಹಚ್ಚುವವರಿಗೆ
ಮೊದಲು ಕಲಿಸುತ್ತಿದ್ದದ್ದು ಬಾಯಿ ಮುಚ್ಚುವುದನ್ನು.
ಗೋಡೆಯಾಚೆಗೇ ಪ್ಲಾಟ್‌ಫಾರಂ.
ಎಂಟೂ ಹತ್ತಕ್ಕೆ ಮೈಸೂರು ಪ್ಯಾಸೆಂಜರು ಕೂಗಿ ಹೊರಟರೆ
ಸಾಯುತ್ತಿರುವವನೂ ಎತ್ತಿದ ಕೈ ಎತ್ತಿದಂತೆ ನಿಲ್ಲಬೇಕು,
ಕೊನೆಯ ಡಬ್ಬಿ ದಾಟಿದ ಮೇಲೆ ಸಾಯಬೇಕು.

ನಾನು ಪಾರ್ಸೆಲ್ ಆಫೀಸಿನ ಗುಮಾಸ್ತ.
ಸೈಡ್‌ವಿಂಗಿನ ಹಿಂದೆ ಕೊಬ್ಬರಿ ಮೂಟೆಯ ಮೇಲೆ ಕೂತು
ಹದಿನೇಳು ವರ್ಷ ಮಾತು ಕೊಟ್ಟವನು.
ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಗಾರ್ಡಿನ ದೀಪ,
ಬತ್ತಿ ಸಣ್ಣಗೆ ಮಾಡಿ.

ನಮ್ಮ ನಾಟಕದ ಅಪ್ಪ, ಬಾಯ್ಲರ್ ಫಿಟ್ಟರ್ ಖುದ್ದೂಸ್ ಸಾಬರು.
ಅವರ ದನಿ ಟಿಕೆಟ್ಟಿಲ್ಲದವರಿಗೂ ಕೇಳುತ್ತಿತ್ತು,
ನೀರಿನ ಟ್ಯಾಂಕು ಹತ್ತಿ ಕೂತ ಹುಡುಗರಿಗೂ.
ಮಗಳು, ತಿಪಟೂರಿನ ಕಮಲಾಕ್ಷಿ;
ಆಟಕ್ಕೆ ಅರವತ್ತು ರೂಪಾಯಿ, ಬಸ್ ಚಾರ್ಜು ಬೇರೆ.
ಮೂರನೇ ಅಂಕ. ಓಡಿಹೋದವಳು ವಾಪಸು ಬಂದು ಕದ ತಟ್ಟುತ್ತಾಳೆ.
"ಯಾರದು?" ಅನ್ನುತ್ತಾನೆ ಅಪ್ಪ.
ಸರಿಯಾಗಿ ಆಗಲೇ ರೈಲು.
ಮಗಳು ಹೊಸಿಲಾಚೆ, ಅಪ್ಪ ಹೊಸಿಲೀಚೆ,
ಹಲಗೆ ನಡುಗುತ್ತದೆ, ಬಲ್ಬು ನಡುಗುತ್ತದೆ,
ಅಂಟಿಸಿದ ಗಡ್ಡ ನಡುಗುವುದು ರೈಲಿಗೋ ಅಳುವಿಗೋ
ಹೇಳಲಾಗುತ್ತಿರಲಿಲ್ಲ.
ಆಮೇಲೆ, "ನೀನಾ?"

ಎಂಬತ್ತೈದರಲ್ಲಿ ಬೆಂಗಳೂರು ಟೀವಿಯಿಂದ ಕಾಗದ ಬಂತು.
ಎರಡೂವರೆ ಗಂಟೆಯದು ಐವತ್ತು ನಿಮಿಷಕ್ಕೆ ಇಳಿಯಬೇಕಂತೆ.
ಹಾಸ್ಯಗಾರ ಚೌಡಯ್ಯ ರೈಲು ಹತ್ತುವ ಮೊದಲೇ ನಾಟಕದಿಂದ ಇಳಿದಿದ್ದ,
ಆದರೂ ಬಂದ, ಟ್ರಂಕು ಹೊರಲು.

ಸ್ಟುಡಿಯೋ ತಣ್ಣಗಿತ್ತು. ಅಷ್ಟು ನಿಶ್ಶಬ್ದವನ್ನು
ಸಾವಿನ ಮನೆಯಲ್ಲೂ ಕೇಳಿದವನಲ್ಲ ನಾನು.
"ಕೂಗಬೇಡಿ ಸಾಹೇಬ್ರೇ, ಮೈಕು ಇಲ್ಲೇ ಇದೆ.
ಮುಖ ಮಾತ್ರ ತಗೋತೀವಿ, ಕೈ ಬೀಸಿದ್ರೆ ಸಿಗಲ್ಲ,"
ಅಂದ ಕನ್ನಡಕದ ಹುಡುಗ. ಅವನೇ ನಿರ್ಮಾಪಕ.
ಖುದ್ದೂಸ್ ಸಾಬರು ಕೈ ಎಲ್ಲಿಡಬೇಕೆಂದು ತಿಳಿಯದೆ
ನಿಲುವಂಗಿಯ ಜೇಬು ಹುಡುಕಿದರು. ಅದಕ್ಕೆ ಜೇಬಿರಲಿಲ್ಲ.
ನನಗೆ ಗಾಜಿನಾಚೆ ಕುರ್ಚಿ.
ತಪ್ಪಿದರೆ ಮತ್ತೆ ತೆಗೀತೀವಿ, ಮಾತು ಕೊಡೋದು ಬೇಡ ಅಂದರು.
ಪುಸ್ತಕ ತೊಡೆಯ ಮೇಲೆ. ತುಟಿ ತನ್ನ ಪಾಡಿಗೆ ಆಡುತ್ತಿತ್ತು.

ಕಮಲಾಕ್ಷಿ ರಟ್ಟಿನ ಕದ ತಟ್ಟಿದಳು.
"ಯಾರದು?"
ಖುದ್ದೂಸ್ ಸಾಬರು ನಿಂತರು.
ಅವಳೂ ನಿಂತಳು.
ಕನ್ನಡಕ ಗಡಿಯಾರ ನೋಡಿತು, ನನ್ನ ಕಡೆ ತಿರುಗಿತು,
ಮರೆತರಾ ಎಂದು ಹುಬ್ಬಲ್ಲೇ ಕೇಳಿತು.
ನಾನು ಬೆರಳೆತ್ತಿದೆ: ತಡೀರಿ,
ಇನ್ನೂ ನಾಲ್ಕು ಡಬ್ಬಿ ಇದೆ.

ಬಿತ್ತರವಾದ ಸಂಜೆ ಕೊಬ್ಬರಿ ಮಂಡಿ ರೇವಣ್ಣನವರ ಪಡಸಾಲೆಯಲ್ಲಿ
ಕಾಲಿಡಲು ಜಾಗವಿಲ್ಲ.
ಅವರ ಟೀವಿಗೆ ಎರಡೂ ಕಡೆ ಸರಿಯುವ ಮರದ ಬಾಗಿಲು.
"ನಮ್ಮ ಪರದೆಗಿಂತ ವಾಸಿ," ಎಂದ ಚೌಡಯ್ಯ.
ತಾರಸಿಯಲ್ಲಿ ಅವನ ಮಗ ಆಂಟೆನಾ ತಿರುವುತ್ತ
"ಬಂತಾ?" "ಬಂತು." "ಈಗ?" "ಹೋಯ್ತು."
ಜರಡಿಯಲ್ಲಿ ನುಚ್ಚು ಕುಣಿದಂತೆ ಚುಕ್ಕಿ,
ಅದರೊಳಗೆ ಅಂಗೈಯಗಲದ ಅಪ್ಪ.
ಸಾಬರ ಬೀವಿ ಕದದ ಮರೆಯಿಂದ,
"ಇಷ್ಟು ಮೆತ್ತಗೆ ಮನೇಲಿ ಒಂದಿನ ಮಾತಾಡಿದ್ದಿಲ್ಲ."

"ಯಾರದು?"
ಅವತ್ತು ಪ್ಯಾಸೆಂಜರು ಲೇಟು, ಬಾಣಾವರವನ್ನೂ ಬಿಟ್ಟಿರಲಿಲ್ಲ.
ಆದರೂ ಒಬ್ಬರೂ ಕೆಮ್ಮಲಿಲ್ಲ.
ಎಳೆಕೂಸೂ, ಏನೋ ನೆನಪಾದಂತೆ, ಚೀಪುವುದು ಬಿಟ್ಟಿತು.
ತುಮಕೂರಿನಲ್ಲಿ, ಕೋಲಾರದಲ್ಲಿ ಆ ಹೊತ್ತು
ಸೆಟ್ಟು ಕೆಟ್ಟಿತೆಂದು ನೆತ್ತಿಗೆ ತಟ್ಟಿರಬಹುದು.

ಹನ್ನೊಂದು ವರ್ಷದ ಮೇಲೆ,
ಖುದ್ದೂಸ್ ಸಾಬರ ನಲವತ್ತನೇ ದಿನ ಕಳೆದು,
ಅವರ ಮನೆಯವರು ಕೇಳಿದರೆಂದು ಬೆಂಗಳೂರಿಗೆ ಹೋದೆ.
ಆಗ ಟೇಪು ದುಬಾರಿ ಕಣ್ರಿ, ಎಂದರು.
ಅದರ ಮೇಲೇ ರೇಷ್ಮೆ ಹುಳುವಿನ ಆರೈಕೆ ತುಂಬಿದ್ದಾರೆ.
ರಿಜಿಸ್ಟರಿನಲ್ಲಿ ನಮ್ಮ ಸಾಲಿಗೆ ಅಡ್ಡಗೀಟು,
ಪಕ್ಕಕ್ಕೆ ದುಂಡಗಿನ ಅಕ್ಷರ:
'ಮೂರನೇ ಅಂಕದಲ್ಲಿ ಹದಿನೆಂಟು ಸೆಕೆಂಡು ಶಬ್ದವಿಲ್ಲ. ತಾಂತ್ರಿಕ ದೋಷ.'

ಹದಿನೆಂಟು?
ನನ್ನ ಲೆಕ್ಕಕ್ಕೆ ಇಪ್ಪತ್ತೆರಡು.
ಗಾರ್ಡಿನ ಡಬ್ಬಿ ಬಿಟ್ಟಿದ್ದಾರೆ.