ಆರು ಸೆಕೆಂಡು

ಹಟ್ಟಿ ಕ್ಯಾಂಪಿನ ಶಾಲೆ. ಇಯರ್‌ಫೋನಿನಲ್ಲಿ
ಏಳನೇ ಕ್ಲಾಸಿನ ಮೌಲಮ್ಮ:
‘ನಮ್ಮಪ್ಪ ಗಣಿಯಾಗ ಇಳದಾನ್ರಿ, ಈಗ...’
ಆಮೇಲೆ ಆರು ಸೆಕೆಂಡು ಏನಿಲ್ಲ.

ಯಂತ್ರ ಅಲ್ಲಿಗೆ ಕೆಂಪು ಬಳಿದಿದೆ:
ದೀರ್ಘ ವಿರಾಮ, ಇಳಿದ ಸ್ವರ,
ಖಿನ್ನತೆಯ ಸಾಧ್ಯತೆ ನೂರಕ್ಕೆ ಎಪ್ಪತ್ತೊಂದು.

ಸದ್ದು ಏರಿಸಿ ಮತ್ತೆ ಕೇಳಿದೆ.
ನೆಲದಡಿ ಎಲ್ಲೋ ಗುಮ್ಮೆಂದದ್ದು,
ಕಿಟಕಿಯ ಸರಳು ಚೂರು ನಡುಗಿದ್ದು,
ಪಕ್ಕದ ಕೋಣೆಯಲ್ಲಿ ಹದಿಮೂರರ ಮಗ್ಗಿ
ಏಳಕ್ಕೆ ಬಂದು ನಿಂತದ್ದು.

‘ಹ್ಞಾ, ಆತ್ರಿ. ಮುಂದ ಕೇಳ್ರಿ.’

ಷರಾ ಬರೆಯುವ ಜಾಗ ಬೆರಳಗಲ.
‘ಬ್ಲಾಸ್ಟಿಂಗ್’ ಎಂದು ಬರೆದೆ, ಅಳಿಸಿದೆ.
ಊರಿಗೂರೇ ಉಸಿರು ಹಿಡಿಯುವುದನ್ನು
ಒಬ್ಬ ಹುಡುಗಿಯ ಹೆಸರಿಗೆ ಹೇಗೆ ಹಚ್ಚಲಿ?

ಟೇಪು ಓಡುತ್ತಲೇ ಇತ್ತು. ಗೋಡೆಯಾಚೆಯಿಂದ
ಅರವತ್ತು ಗಂಟಲು:
ಹದಿಮೂರೆಂಟ್ಲೆ ನೂರಾ ನಾಕು.