ಹಿಂದಿನ ಗಾಲಿಯ ಮೇಲೆ ಬೇಡ

ಮಂಡ್ಯದ ವಿ.ವಿ. ರಸ್ತೆ. ಎರಡು ಮೆಟ್ಟಿಲು ಇಳಿದರೆ ಅಂಗಡಿ.
ಚಿರಂತ್ ಎಂಬ ಹುಡುಗ, ಮೀಸೆ ಇನ್ನೂ ಯೋಚನೆಯಲ್ಲೇ ಇದೆ,
ಗಾಜಿನ ಮೇಜಿನ ಮೇಲೆ ಇಡೀ ಹಡಗನ್ನು ಹರಡಿದ.
ಹನ್ನೊಂದು ಅಂತಸ್ತು, ಒಂದೊಂದರಲ್ಲೂ ಸಾಲು ಚೌಕ,
ನಮ್ಮ ಡಿಪೋದ ಲಾಕರುಗಳ ಹಾಗೆ.
"ಯಾವುದು ಬೇಕು ಆಂಟಿ? ಕೊಚ್ಚಿಯಿಂದ ನಾಲ್ಕು ರಾತ್ರಿ."

ಚೀಟಿ ಎತ್ತಿದ ದುಡ್ಡು ನನ್ನದು.
ಪಕ್ಕದಲ್ಲಿ ನಾದಿನಿ ಪುಟ್ಟತಾಯಿ,
ಹೊಸಹಳ್ಳಿ ಸರ್ಕಲ್ಲಿನ ಹಿಟ್ಟಿನ ಗಿರಣಿಯವಳು,
ಬಸ್ಸು ಮದ್ದೂರು ಮುಟ್ಟುವ ಮೊದಲೇ ನಿಂಬೆಹಣ್ಣು ಮೂಸುವವಳು.

ಇಪ್ಪತ್ತೊಂಬತ್ತು ವರ್ಷ ಟಿಕೆಟ್ ಹರಿದಿದ್ದೇನೆ,
ಮೇಲುಕೋಟೆ, ಮಳವಳ್ಳಿ, ಕೊನೆಗೆ ಮೈಸೂರು ಷಟಲ್.
ಯಾವ ಸೀಟಿಗೆ ಎಷ್ಟು ಕುಲುಕಾಟ ಅಂತ
ನನ್ನ ಮೊಣಕಾಲಿಗೆ ಬಾಯಿಪಾಠ.
ಗಾಲಿ ಮೇಲೆ ಕೂತವನು ಊರು ಸೇರುವಷ್ಟರಲ್ಲಿ
ದೇವರನ್ನೂ ಡ್ರೈವರನ್ನೂ ಒಂದೇ ಉಸಿರಲ್ಲಿ ಬಯ್ಯುತ್ತಾನೆ.

"ಹಿಂದಿನ ಗಾಲಿ ಮೇಲೆ ಬೇಡ" ಅಂದೆ.
"ಹಡಗಿಗೆ ಗಾಲಿ ಇಲ್ಲ ಆಂಟಿ."
"ಗಾಲಿ ಇಲ್ದಿದ್ರೂ ಹಿಂದ್ಗಡೆ ಅನ್ನೋದು ಇರ್ತದಲ್ಲಪ್ಪ."
ಅವನು ಬಗ್ಗಿ ನೋಡಿದ. ಹೌದು, ಅಲ್ಲಿ ಎಂಜಿನ್ನಿನ ನಡುಕ.
ಮೂತಿಯ ಕಡೆ ನಸುಕಿಗೇ ಲಂಗರಿನ ಸರಪಳಿ ಗರಗರ.
ಮೇಲಂತೂ ಈಜುಕೊಳದ ಕುರ್ಚಿಗಳನ್ನು
ರಾತ್ರಿಯೆಲ್ಲ ಎಳೆದಾಡುತ್ತಾರಂತೆ.
ಏಳನೆಯದು? ಅದರ ಕೆಳಗೇ ಕುಣಿತದ ಹಾಲು.
ಛತ್ರದ ಗೋಡೆಗೆ ಗೋಡೆ ಕೊಟ್ಟು ಸಂಸಾರ ಮಾಡಿದವಳು ನಾನು,
ವೈಶಾಖ ಅಂದರೇನು ಅಂತ ನನ್ನ ಕೇಳಿ.

ಬೆರಳು ನಿಂತದ್ದು ನಾಲ್ಕನೇ ಅಂತಸ್ತಿನ ನಟ್ಟನಡುವೆ.
ಮೇಲೂ ಜನ ಮಲಗುವ ಕೋಣೆ, ಕೆಳಗೂ ಅದೇ.
ರೇಟೂ ಕಡಿಮೆ.
"ಆದ್ರೆ ಇದಕ್ಕೆ ಕಿಟಕಿ ಇಲ್ಲ,"
ಚಿಲ್ಲರೆ ಇಲ್ಲ ಅನ್ನುವ ನನ್ನದೇ ದನಿಯಲ್ಲಿ ಹೇಳಿದ.

ಅಲ್ಲಿಯ ತನಕ ಸುಮ್ಮನಿದ್ದ ಪುಟ್ಟತಾಯಿ ಬಾಯಿಬಿಟ್ಟಳು:
"ಕಿಟಕಿ ಇಲ್ದಿದ್ರೆ ನಾನ್ ವಾಂತಿ ಎಲ್ಲಿಗ್ ಮಾಡ್ಲಿ ಅತ್ಗೆ?"
ಹುಡುಗ ನಕ್ಕ. ಅವಳು ನಗಲಿಲ್ಲ.

ಪರೀಕ್ಷೆ ನೋಡೇಬಿಡೋಣ ಅಂತ ಭಾನುವಾರ
ಶ್ರೀರಂಗಪಟ್ಟಣದ ಸಂಗಮಕ್ಕೆ ಕರೆದುಕೊಂಡು ಹೋದೆ.
ತಲೆಗೆ ನೂರು ರೂಪಾಯಿ.
ಹರಿಗೋಲಿಗೆ ಮುಂದಿಲ್ಲ, ಹಿಂದಿಲ್ಲ, ಗಾಲಿ ಮೊದಲೇ ಇಲ್ಲ.
ಅಂಬಿಗ ಹುಟ್ಟನ್ನು ನೀರಿಗೆ ಊರಿ
ಬುಗುರಿಯ ಹಾಗೆ ಒಂದು ಸುತ್ತು ತಿರುಗಿಸಿದ.
ನನ್ನ ಮೊಣಕಾಲು ಕಲಿತದ್ದೆಲ್ಲ ಮರೆತವು.
ಅಂಚು ಹಿಡಿದು ಬಗ್ಗಿದವಳು ನಾನು.
ಅವಳು ಕೈಯನ್ನು ಮಣಿಕಟ್ಟಿನವರೆಗೆ ನೀರಲ್ಲಿ ಬಿಟ್ಟು
ಗಿರಣಿಯ ಬೆಲ್ಟು ತಿರುಗುವುದನ್ನು ನೋಡುವ ಹಾಗೆ ಕೂತಿದ್ದಳು.
ಮಡಿಲ ನಿಂಬೆಹಣ್ಣು ತೆಗೆದು ನನ್ನ ಮೂಗಿಗೆ ಹಿಡಿದಳು.
"ಹತ್ರದ ನೀರ್ ನೋಡ್ಬ್ಯಾಡ ಅತ್ಗೆ,
ಆ ದಡದಲ್ಲದಲ್ಲ ಅತ್ತಿಮರ, ಅದ್ನೇ ನೋಡು."

ನೋಡಿದೆ. ಮರ ನಿಂತಲ್ಲೇ ನಿಂತಿತ್ತು.
ಹೊಟ್ಟೆ ಮೆಲ್ಲಗೆ ಕೂತಿತು.
ಅಷ್ಟು ವರ್ಷ ರಸ್ತೆಗೆ ಬೆನ್ನು ಕೊಟ್ಟು
ಮುಖ ಎಣಿಸುತ್ತಲೇ ಊರೂರು ಸುತ್ತಿದವಳು;
ಕಿಟಕಿ ಯಾಕೆ ಇರುತ್ತದೆ ಅಂತ
ಕೇಳಿದವರಿಗೆ ಸೀಟು ಕೊಟ್ಟೆನೇ ಹೊರತು
ನಾನೇನೂ ಕೇಳಿರಲಿಲ್ಲ.

ಸೋಮವಾರ ಮತ್ತೆ ಅದೇ ಎರಡು ಮೆಟ್ಟಿಲು.
ನಾಲ್ಕನೇ ಅಂತಸ್ತು, ನಡು, ಆದರೆ ಗೋಡೆ ಕಡೆಯದು:
ಊಟದ ತಟ್ಟೆಯಷ್ಟು ದುಂಡನೆ ಗಾಜು,
ತೆರೆಯಲು ಬರುವುದಿಲ್ಲವಂತೆ.
ಹೆಚ್ಚಿಗೆ ಹನ್ನೊಂದು ಸಾವಿರ.
ಪುಟ್ಟತಾಯಿ ನೂರರ ನೋಟು ಎಣಿಸತೊಡಗಿದಳು,
ಗಾಜಿನ ಮೇಲೆ ರಾಗಿಹಿಟ್ಟು ಸಣ್ಣಗೆ ಉದುರಿತು.
ಚಿರಂತ್ ಒರೆಸಲೋ ಬೇಡವೋ ಅಂತ ನೋಡಿದ.

"ಕಿಟಕಿ ಪಕ್ಕ ನೀನೇ ಮಲಿಕ್ಕೋ,
ನಂಗೆ ಬಾಗ್ಲ ಹತ್ರಾನೇ ಅಭ್ಯಾಸ" ಅಂದೆ.
"ಎರಡ್ ರಾತ್ರಿ ನಂದು, ಎರಡ್ ರಾತ್ರಿ ನಿಂದು,"
ಎಣಿಕೆ ತಪ್ಪಿತೆಂದು ಅವಳು
ಮತ್ತೆ ಮೊದಲಿನಿಂದ ಶುರುಮಾಡಿದಳು.